2020ರ ಆಟಕ್ಕ ನನ್ನ ನಂಬರು

ಮೊನ್ನೆ ಮಗ ಕೇಳಿದ, "ಅಮ್ಮಾ, ಲಾಕ್‌ಡೌನ್ ವರ್ಷ ಆಡಿದ್ವಲ್ಲ, ಅದರಾಗ ಯಾವ ಗೇಮ್ ಬೆಸ್ಟ್?" ಒಲಿ ಮ್ಯಾಲೆ ಸಾರು ಕುದೀತಿತ್ತು, ನಿಂತಲ್ಲೇ ನಂಬರ್ ಹಚ್ಚಿದೆ.

ಮೂರನೇದು ಅಮಾಂಗ್ ಅಸ್. ಬಂದಿದ್ದು 2018ರಾಗ, ಹೆಸರಾಗಿದ್ದು 2020ರಾಗ. ಆಕಾಶದ ಹಡಗಿನ್ಯಾಗ ಕೊಲೆಗಾರ ಯಾರಂತ ಹುಡುಕೋದು. ನಮ್ಮ ಮನ್ಯಾಗ ಎಲ್ಲಾರಿಗೂ ನನ್ನ ಮ್ಯಾಲೇ ಸಂಶಯ!

ಎರಡನೇದು ಪಬ್ಜಿ. ನೂರು ಮಂದಿ ಪ್ಯಾರಾಶೂಟ್ ಹಾಕ್ಕೊಂಡು ಇಳೀತಾರ, ಕಡೀಗೆ ಉಳದಾವ ಗೆದ್ದ. ಸೆಪ್ಟೆಂಬರ್ 2ಕ್ಕ ಸರಕಾರ ಬಂದ್ ಮಾಡಿದಾಗ ಮಗ ರಾತ್ರಿ ಊಟಾನೇ ಮಾಡಲಿಲ್ಲ. ನಾ ಒಳಗೊಳಗ ಖುಷಿ ಪಟ್ಟೆ. ಆಮ್ಯಾಲೆ ತಿಳೀತು, ಸಾಲಿ ಮುಚ್ಚಿದಮ್ಯಾಲೆ ಅವನ ಗೆಳ್ಯಾರು ಸಿಗ್ತಿದ್ದದ್ದು ಅದೊಂದರಾಗೇ.

ಒಂದನೇದು ಲೂಡೋ ಕಿಂಗ್, ಎರಡು ಮಾತಿಲ್ಲ. ತವರಮನ್ಯಾಗ ಅವ್ವ ಒಬ್ಬಾಕೀನೇ. ಹೋಗೂ ಹಂಗಿಲ್ಲ, ಬರೂ ಹಂಗಿಲ್ಲ. ದಿನಾ ನಾಕಕ್ಕ ವಾಟ್ಸಾಪಿನ್ಯಾಗ ರೂಮ್ ಕೋಡ್ ಕಳಸ್ತಿದ್ದೆ. ಪಗಡಿ ಆಡಿ ಪಳಗಿದ ಕೈ. ಮಗಳ ಕಾಯಿ ಅಂತ ಬಿಡ್ತಿರಲಿಲ್ಲ, ಹೊಡದೇ ಬಿಡಾಕಿ. ಆಕಿ ಕಾಯಿ ಕದಲಿದ್ರ ಸಾಕು, ಇವತ್ತ ಆರಾಮದಾಳ ಅಂತ ಜೀವಕ್ಕ ಸಮಾಧಾನ.

ಒಂದಿನ ಕೋಡ್ ಕಳಸಿದೆ, ಬರಲೇ ಇಲ್ಲ. ಫೋನೂ ಎತ್ತಲಿಲ್ಲ. ಬಾಜೂ ಮನಿ ವೈನಿಗೆ ಹೇಳಿದೆ; ಹೋಗಿ ನೋಡಿದ್ರ ಜ್ವರದಾಗ ಮಲಗ್ಯಾಳ. ಅವರೇ ದವಾಖಾನಿಗೆ ಕರಕೊಂಡು ಹೋದ್ರು.

ಗ್ರಾಫಿಕ್ಸ್ ನೋಡಿ ನಂಬರ್ ಕೊಡಬೇಕಂತಾನ ಮಗ. ಅವ ಕೊಡವಲ್ಲನ್ಯಾಕ. ನನಗೀಗ ನಾಕಾತು, ಅವ್ವ ಕಾಯ್ತಿರ್ತಾಳ.