ಗ್ಲಾಸ್ಟರ್‌ನ ಮೂರು ಹೊಸ ಬಾಗಿಲು

ಮೈಕಿನ ಮುಂದೆ ಜನ ಒಬ್ಬರಾದ ಮೇಲೊಬ್ಬರು ಬಂದು ನಿಲ್ಲುತ್ತಿದ್ದಾರೆ. ನೀವು ಹಿಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕೂತಿದ್ದೀರಿ. ಇವತ್ತು 2014ರ ಡಿಸೆಂಬರ್ 9, ಮಂಗಳವಾರ. ಅಮೆರಿಕದ ವರ್ಜೀನಿಯಾ ರಾಜ್ಯದ ಗ್ಲಾಸ್ಟರ್ ಕೌಂಟಿಯ ಶಾಲಾ ಮಂಡಳಿಯ ಸಭೆ. ಇಂಥ ಸಭೆ ಅಂದರೆ ಬಜೆಟ್ಟು, ಬಸ್ಸು, ಮಾಸ್ತರರ ಸಂಬಳ. ಬಂದ ನಾಲ್ಕು ಜನ ಆಕಳಿಸಿ ಎದ್ದುಹೋಗುವುದೇ ರೂಢಿ. ಇವತ್ತು ಮಾತಾಡುವವರೇ 37 ಮಂದಿ. ವಿಷಯ ಒಂದೇ: ಹೈಸ್ಕೂಲಿನ ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿ ಯಾವ ಟಾಯ್ಲೆಟ್ಟಿಗೆ ಹೋಗಬೇಕು?

ವಿದ್ಯಾರ್ಥಿಯ ಹೆಸರು ಗ್ಯಾವಿನ್ ಗ್ರಿಮ್. ಹುಟ್ಟಿದಾಗ ದಾಖಲೆಯಲ್ಲಿ ಹೆಣ್ಣು ಎಂದು ಬರೆಸಲಾಗಿತ್ತು. ಈಗ ಹೆಸರು, ಉಡುಪು, ನಡೆನುಡಿ ಎಲ್ಲದರಲ್ಲೂ ಹುಡುಗ. ಆದರೆ ಮೈಕಿನ ಮುಂದೆ ಬಂದವರಲ್ಲಿ ಕೆಲವರು ಬೇಕೆಂದೇ ‘ಈ ಹುಡುಗಿ’ ಎನ್ನುತ್ತಾರೆ, ಒತ್ತಿ ಹೇಳುತ್ತಾರೆ. ಇನ್ನು ಕೆಲವರು ಮಂಡಳಿಯ ಸದಸ್ಯರಿಗೆ ನೇರವಾಗಿಯೇ ಎಚ್ಚರಿಕೆ ಕೊಡುತ್ತಾರೆ: ಹುಟ್ಟಿನ ಲಿಂಗದಂತೆಯೇ ಟಾಯ್ಲೆಟ್ ಎನ್ನುವ ಈ ನಿರ್ಣಯವನ್ನು ಪಾಸು ಮಾಡದಿದ್ದರೆ ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ. ಒಬ್ಬಾತ ಇನ್ನೂ ಮುಂದೆ ಹೋಗಿ ಆ ಹುಡುಗನನ್ನು ವಿಕೃತಿ ಎಂದು ಕರೆಯುತ್ತಾನೆ. ತಾನು ನಾಯಿ ಎಂದುಕೊಂಡವನೊಬ್ಬ ರಸ್ತೆಬದಿಯ ಅಗ್ನಿಶಾಮಕದ ನಲ್ಲಿಗೆ ಕಾಲೆತ್ತಲು ಅನುಮತಿ ಕೇಳಿದ ಹಾಗಾಯಿತು ಇದು, ಎನ್ನುತ್ತಾನೆ. ಈ ಮಾತು ಮುಂದೆ ಫೆಡರಲ್ ಕೋರ್ಟಿನ ತೀರ್ಪಿನಲ್ಲಿ ಅಚ್ಚಾಗಲಿದೆ ಎಂಬುದು ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಹಿಂದಿನ ತಿಂಗಳು, ನವೆಂಬರ್ 11ರಂದು, ಇದೇ ನಿರ್ಣಯ ಮೊದಲು ಮಂಡನೆಯಾದಾಗ ಗ್ಯಾವಿನ್ ತಂದೆತಾಯಿಯ ಜೊತೆ ಬಂದು ತಾನೇ ಮೈಕ್ ಮುಂದೆ ನಿಂತಿದ್ದ. ಅಲ್ಲಿಯವರೆಗೆ ನಿರ್ಣಯದಲ್ಲಿ ಯಾರ ಹೆಸರೂ ಇರಲಿಲ್ಲ. ಬಾಯಿಬಿಟ್ಟದ್ದರಿಂದ ಇಡೀ ಊರಿಗೆ, ಪತ್ರಿಕೆಯವರಿಗೆ, ‘ಅದು ನಾನೇ’ ಎಂದು ಹೇಳಿಕೊಂಡಂತಾಯಿತು. ಎಲ್ಲರಂತೆ ಒಂದು ಮಗುವಾಗಿ ಇರಬೇಕು, ನೆಮ್ಮದಿಯಾಗಿ ಟಾಯ್ಲೆಟ್ಟಿಗೆ ಹೋಗಿಬರಬೇಕು. ಕೇಳಿದ್ದು ಇಷ್ಟೇ. ಆವತ್ತು ಮಂಡಳಿ 4–3 ಮತಗಳಿಂದ ತೀರ್ಮಾನವನ್ನು ಈ ದಿನಕ್ಕೆ ಮುಂದೂಡಿತ್ತು.

ಈಗ ಸ್ವಲ್ಪ ಹಿಂದಕ್ಕೆ, ಶಾಲೆಯ ಕಾರಿಡಾರಿಗೆ ಬನ್ನಿ. ಆಗಸ್ಟಿನಲ್ಲಿ ಹೊಸ ವರ್ಷದ ಪಾಠ ಶುರುವಾಗುವಾಗ ಗ್ಯಾವಿನ್ ಮತ್ತು ಅವನ ತಾಯಿ ಶಾಲೆಯವರ ಜೊತೆ ಕೂತು ಮಾತಾಡಿದ್ದಾರೆ. ನರ್ಸ್ ಕೋಣೆಯ ಟಾಯ್ಲೆಟ್ ಬಳಸಿಕೊಳ್ಳುತ್ತೇನೆ ಎಂದು ಅವನೇ ಮೊದಲು ಒಪ್ಪಿದ್ದಾನೆ. ಗಂಟೆ ಹೊಡೆಯುತ್ತದೆ. ಎಲ್ಲ ಹುಡುಗರೂ ಪಕ್ಕದ ಬಾಗಿಲು ತಳ್ಳಿ ಒಳಹೋದರೆ ನೀವು ಇವನ ಹಿಂದೆ ಕಟ್ಟಡದ ಇನ್ನೊಂದು ಕಡೆಗೆ ನಡೆಯುತ್ತೀರಿ. ಆರೋಗ್ಯ ಸರಿಯಿಲ್ಲದವರು ಹೋಗುವ ಕೋಣೆ ಅದು. ದಿನಾ ಅಲ್ಲಿಗೆ ಯಾಕೆ ಹೋಗುತ್ತಾನೆ ಎಂಬುದು ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬನ ಕಣ್ಣಲ್ಲೂ ಇರುವ ಪ್ರಶ್ನೆ. ವಾಪಸ್ ಬರುವಷ್ಟರಲ್ಲಿ ಪಾಠ ಶುರುವಾಗಿರುತ್ತದೆ. ಹುಡುಗಿಯರ ಕಡೆಗೆ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಹಿಂದಿನ ವರ್ಷ ಹೋಗಿ ಆಗಿದೆ. ಒಳಗಿದ್ದ ಹುಡುಗಿಯರು ಇವನನ್ನು ಹುಡುಗನೆಂದೇ ಕಂಡು ತಕರಾರು ಮಾಡಿದ್ದರು.

ಅಕ್ಟೋಬರ್ 20ರಂದು ಪ್ರಿನ್ಸಿಪಾಲರು ಹುಡುಗರ ಟಾಯ್ಲೆಟ್ ಬಳಸಲು ಅನುಮತಿ ಕೊಡುತ್ತಾರೆ. ಆಮೇಲೆ ಸುಮಾರು ಏಳು ವಾರ ಏನಾಗುತ್ತದೆ? ಏನೂ ಆಗುವುದಿಲ್ಲ. ಒಳಗೆ ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ಕೈತೊಳೆದು ಹೊರಬರುತ್ತಾನೆ. ಜಗಳವಿಲ್ಲ, ಗಲಾಟೆಯಿಲ್ಲ. ಬಟ್ಟೆ ಬದಲಿಸುವ ಕೋಣೆಯ ಪ್ರಶ್ನೆಯೂ ಬರಲಿಲ್ಲ; ವ್ಯಾಯಾಮದ ಪಾಠವನ್ನು ಆತ ಮನೆಯಿಂದಲೇ ಮುಗಿಸುತ್ತಿದ್ದ. ಗದ್ದಲವೆಲ್ಲ ಹುಟ್ಟಿದ್ದು ಟಾಯ್ಲೆಟ್ಟಿನ ಹೊರಗೆ, ದೊಡ್ಡವರ ಫೋನುಗಳಲ್ಲಿ.

ದೊಡ್ಡವರ ಅಳುಕನ್ನು ಪೂರಾ ತಳ್ಳಿಹಾಕುವುದೂ ಸರಿಯಲ್ಲ. ಅಮೆರಿಕದ ಶಾಲೆಯ ಟಾಯ್ಲೆಟ್ಟಿಗೆ ಒಮ್ಮೆ ಹೊಕ್ಕು ನೋಡಿ. ಬಾಗಿಲು ನೆಲ ಮುಟ್ಟುವುದೇ ಇಲ್ಲ, ಒಂದಡಿ ಮೇಲೆಯೇ ನಿಂತುಬಿಡುತ್ತದೆ. ಒಳಗಿದ್ದವರ ಬೂಟು, ಸಾಕ್ಸು, ಕಾಲ ಮೇಲೆ ಬಿದ್ದ ಪ್ಯಾಂಟು ಎಲ್ಲ ಹೊರಗಿನವರಿಗೆ ಕಾಣುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ. ನಮ್ಮೂರಿನ ತಗಡಿನ ಬಚ್ಚಲಲ್ಲೂ ಇದಕ್ಕಿಂತ ಹೆಚ್ಚು ಮರೆ ಇರುತ್ತದೆ. ಇಂಥಲ್ಲಿ ಮಕ್ಕಳ ಮಾನದ ಬಗ್ಗೆ ತಾಯಂದಿರಿಗೆ ದಿಗಿಲಾದರೆ ಆಶ್ಚರ್ಯವಿಲ್ಲ. ಟ್ರಾನ್ಸ್‌ಜೆಂಡರ್ ಅಲ್ಲದ ಹುಡುಗರೇ ನಾಳೆ ಲಂಗ ತೊಟ್ಟು ಹೆಣ್ಣುಮಕ್ಕಳ ಕಡೆಗೆ ನುಗ್ಗಿದರೆ ಎಂದು ನವೆಂಬರಿನ ಸಭೆಯಲ್ಲಿ ಒಬ್ಬರು ಕೇಳಿದ್ದರು. ಆ ಭಯಕ್ಕೆ ಆಧಾರ ಇತ್ತೋ ಇಲ್ಲವೋ, ಆ ಸಂದಿಗೆ ಮದ್ದು ಬಡಗಿಯ ಬಳಿ ಇತ್ತು. ಮಂಡಳಿಗೂ ಅದು ಹೊಳೆಯಿತು. ವಿಭಾಗದ ಹಲಗೆ ಎತ್ತರಿಸುತ್ತೇವೆ, ಸಂದಿಗಳಿಗೆ ಪಟ್ಟಿ ಹೊಡೆಸುತ್ತೇವೆ, ಮೂತ್ರದ ಬೋಗುಣಿಗಳ ನಡುವೆ ಮರೆ ಹಾಕಿಸುತ್ತೇವೆ ಎಂದು ಸಭೆಗೆ ಮೊದಲೇ ಪ್ರಕಟಿಸಿತು. ಮಾಡಿಸಿತು ಕೂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಗ್ಲಾಸ್ಟರ್ ಹೆಸರನ್ನು ಇವತ್ತು ಯಾರೂ ಎತ್ತುತ್ತಿರಲಿಲ್ಲ.

ಮತ್ತೆ ಸಭೆಗೆ. ಮತ ಹಾಕುವ ಹೊತ್ತು. ಆರು ಕೈ ಪರವಾಗಿ, ಒಂದು ವಿರುದ್ಧ. ಗಂಡು ಹೆಣ್ಣಿನ ಟಾಯ್ಲೆಟ್ಟುಗಳು ಆಯಾ ‘ಜೈವಿಕ’ ಲಿಂಗದವರಿಗೆ ಮಾತ್ರ. ಲಿಂಗದ ಗುರುತಿನ ವಿಷಯದಲ್ಲಿ ಸಮಸ್ಯೆ ಇರುವ ವಿದ್ಯಾರ್ಥಿಗಳಿಗೆ ಬೇರೆ, ಖಾಸಗಿ ವ್ಯವಸ್ಥೆ. ಮರುದಿನವೇ ಪ್ರಿನ್ಸಿಪಾಲರು ಹುಡುಗನನ್ನು ಕರೆಸಿ ಇನ್ನು ಆ ಕಡೆ ಹೋಗುವ ಹಾಗಿಲ್ಲ ಎನ್ನುತ್ತಾರೆ. ಒಂದು ವಾರದೊಳಗೆ ಮೂರು ಹೊಸ ಒಂಟಿ ಟಾಯ್ಲೆಟ್ ತಯಾರಾಗುತ್ತವೆ. ಗಂಡು, ಹೆಣ್ಣು ಯಾರು ಬೇಕಾದರೂ ಬಳಸಬಹುದು ಎಂಬುದು ನಿಯಮ. ಗ್ಯಾವಿನ್ ಕಂಡಂತೆ ಉಳಿದ ಯಾವ ವಿದ್ಯಾರ್ಥಿಯೂ ಅತ್ತ ಹಾಯಲಿಲ್ಲ. ಬಾಗಿಲ ಮೇಲೆ ಹೆಸರು ಬರೆಯದಿದ್ದರೇನು, ಯಾರಿಗೆಂದು ಕಟ್ಟಿಸಿದ್ದು ಎಂಬುದು ಶಾಲೆಗೆಲ್ಲ ಗೊತ್ತಿತ್ತು.

ಫುಟ್‌ಬಾಲ್ ಪಂದ್ಯದ ಸಂಜೆ ನೀವು ಕ್ರೀಡಾಂಗಣದಲ್ಲಿದ್ದೀರಿ. ಶಾಲೆಯ ಕಟ್ಟಡಕ್ಕೆ ಬೀಗ ಹಾಕಿದೆ, ಆ ಮೂರು ಕೋಣೆಗಳೂ ಒಳಗೇ ಇವೆ. ಇಲ್ಲಿರುವುದು ಗಂಡಸರದ್ದು, ಹೆಂಗಸರದ್ದು, ಎರಡೇ. ಗ್ಯಾವಿನ್‌ನನ್ನು ಗೆಳೆಯರೊಬ್ಬರು ಕಾರಿನಲ್ಲಿ ಕೂರಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಕರೆದೊಯ್ಯುತ್ತಾರೆ. ಮೊಳೆ, ಪೈಪು ಮಾರುವ ಅಂಗಡಿಯ ಟಾಯ್ಲೆಟ್ಟಿನಲ್ಲಿ ಅವನಾರೆಂದು ಕೇಳುವವರಿಲ್ಲ. ಇನ್ನೊಂದು ಸಲ ತಾಯಿಯೇ ಬಂದು ಆಟದ ನಡುವೆ ಮನೆಗೆ ಕರೆದುಕೊಂಡು ಹೋಗಬೇಕಾಯಿತು. ಉಳಿದ ದಿನ ಕಟ್ಟಿಕೊಂಡು ಕೂರುವುದು. ಕಟ್ಟಿಕೊಂಡು ಮೂತ್ರನಾಳದ ಸೋಂಕು ಬಂತು. ಪಾಠದ ಮೇಲೆ ಮನಸ್ಸು ನಿಲ್ಲಲಿಲ್ಲ. ಸಾಯುವ ಯೋಚನೆ ಬಂದು ಕೆಲವು ದಿನ ಆಸ್ಪತ್ರೆ ಸೇರಿದ್ದೂ ಕೋರ್ಟಿನ ಕಡತದಲ್ಲಿದೆ.

ಗ್ಯಾವಿನ್ ಮಂಡಳಿಯ ಮೇಲೆ ಮೊಕದ್ದಮೆ ಹೂಡಿದ. ಈ ಕೌಂಟಿಗೆ ಇಂಥ ಮೊಕದ್ದಮೆ ಹೊಸದಲ್ಲ. 1944ರ ಜುಲೈಯಲ್ಲಿ ಐರೀನ್ ಮಾರ್ಗನ್ ಎಂಬ ಕರಿಯ ಹೆಣ್ಣುಮಗಳು ಬಾಲ್ಟಿಮೋರಿಗೆ ಹೋಗಲು ಗ್ರೇಹೌಂಡ್ ಬಸ್ ಹತ್ತಿದ್ದು ಇದೇ ಗ್ಲಾಸ್ಟರ್ ಕೌಂಟಿಯಲ್ಲಿ. ಬಿಳಿಯರಿಗೆ ಸೀಟು ಬಿಡು ಎಂದರೆ ಏಳಲಿಲ್ಲ. ವಾರಂಟ್ ಹರಿದು ಕಿಟಕಿಯಾಚೆ ಎಸೆದಳು, ಹಿಡಿಯಲು ಬಂದ ಪೊಲೀಸಿನವನಿಗೆ ಒದ್ದಳು. ಹೀಗೇ ಬಸ್ಸಿನ ಸೀಟು ಬಿಡದೆ ಹೆಸರಾದ ರೋಸಾ ಪಾರ್ಕ್ಸ್‌ಗಿಂತ 11 ವರ್ಷ ಮೊದಲಿನ ಕಥೆ ಇದು. ತರ್ಗುಡ್ ಮಾರ್ಷಲ್ ಅಂಥ ವಕೀಲರು ವಾದಿಸಿ, 1946ರಲ್ಲಿ ಸುಪ್ರೀಂ ಕೋರ್ಟ್ ಅಂತರರಾಜ್ಯ ಬಸ್ಸುಗಳಲ್ಲಿ ಈ ಭೇದ ಕೂಡದು ಎಂದಿತು. ಆ ಕಾಲದ ವರ್ಜೀನಿಯಾದಲ್ಲಿ ಟಾಯ್ಲೆಟ್ಟುಗಳೂ ಬಣ್ಣದ ಲೆಕ್ಕದಲ್ಲೇ ಇದ್ದವು. ಅದೇ ರಾಜ್ಯದಲ್ಲಿ ಕಟ್ಟಿದ ಪೆಂಟಗನ್‌ಗೆ ಅಗತ್ಯಕ್ಕಿಂತ ದುಪ್ಪಟ್ಟು ಟಾಯ್ಲೆಟ್ ಬಂದದ್ದು ಅದೇ ಕಾರಣಕ್ಕೆ.

ಹಾಗೆಂದು ಎರಡೂ ಒಂದೇ ಎಂದುಬಿಡುವುದು ಸುಲಭದ ದಾರಿ. ಬಿಳಿಯರು ಕರಿಯರಿಗೆ ಟಾಯ್ಲೆಟ್ ಬೇರೆ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗಂಡು ಹೆಣ್ಣಿಗೆ ಬೇರೆ ಟಾಯ್ಲೆಟ್ ಇರುವುದನ್ನು ಗ್ಯಾವಿನ್ ಕೂಡ ಬೇಡವೆನ್ನಲಿಲ್ಲ. ಎರಡರಲ್ಲಿ ಒಂದು ತನ್ನದು ಎಂದಷ್ಟೇ ಅವನ ವಾದ. ಶಿಕ್ಷಣದಲ್ಲಿ ಲಿಂಗಭೇದ ಕೂಡದು ಎನ್ನುವ 1972ರ ‘ಟೈಟಲ್ ನೈನ್’ ಕಾಯ್ದೆಯ ನಿಯಮಗಳೇ ಗಂಡು ಹೆಣ್ಣಿಗೆ ಪ್ರತ್ಯೇಕ ಟಾಯ್ಲೆಟ್ ಇಡಬಹುದು ಎನ್ನುತ್ತವೆ. ಮಂಡಳಿಯ ವಕೀಲರು ಕೊನೆತನಕ ಹಿಡಿದದ್ದು ಈ ಎಳೆಯನ್ನೇ. ಆದರೆ ‘ನಿನಗೆಂದೇ ಚೆನ್ನಾಗಿರುವ ಮೂರು ಕಟ್ಟಿಸಿದ್ದೇವಲ್ಲ, ಇನ್ನೇನು ಬೇಕು’ ಎನ್ನುವ ಮಾತು ಕೇಳಿದಾಗ, ಹೋಟೆಲಿನ ಪ್ರತ್ಯೇಕ ಲೋಟ ಕಂಡ ನಾಡಿನವರಾದ ನಮಗೆ ಬೇರೆ ವಿವರಣೆ ಬೇಕಿಲ್ಲ. ಚಹಾ ಅದೇ ಪಾತ್ರೆಯದು, ಲೋಟವೂ ತೊಳೆದದ್ದೇ.

ಇನ್ನು ಕೋರ್ಟು. ನಾರ್ಫೋಕ್‌ನ ಜಿಲ್ಲಾ ನ್ಯಾಯಾಧೀಶ ರಾಬರ್ಟ್ ಡೂಮಾರ್ 2015ರಲ್ಲಿ ಟೈಟಲ್ ನೈನ್ ವಾದವನ್ನು ತಳ್ಳಿಹಾಕಿದರು. 2016ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ತಡೆ ಸಿಕ್ಕಿತು. 2017ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯ ವೇದಿಕೆಯಿಂದ ನಟಿ ಲವರ್ನ್ ಕಾಕ್ಸ್ ಗ್ಯಾವಿನ್ ಹೆಸರನ್ನು ಗೂಗಲ್ ಮಾಡಿ ನೋಡಿ ಎಂದು ದೇಶಕ್ಕೇ ಹೇಳಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಟ್ರಾನ್ಸ್ ವಿದ್ಯಾರ್ಥಿಗಳನ್ನು ಅವರ ಲಿಂಗದ ಗುರುತಿನಂತೆಯೇ ನಡೆಸಿಕೊಳ್ಳಿ ಎನ್ನುವ ಒಬಾಮ ಕಾಲದ ಮಾರ್ಗಸೂಚಿಯನ್ನು ಟ್ರಂಪ್ ಸರ್ಕಾರ ಹಿಂದಕ್ಕೆ ಪಡೆಯಿತು. ಸುಪ್ರೀಂ ಕೋರ್ಟ್ ವಿಚಾರಣೆ ರದ್ದು ಮಾಡಿ ಕೇಸನ್ನು ಕೆಳಗೆ ಕಳಿಸಿತು. ಇಷ್ಟರಲ್ಲಿ ಹುಡುಗನಿಗೆ ಗಡ್ಡ ಬಂದಿತ್ತು, ಕಂಠ ಒಡೆದಿತ್ತು, ಎದೆಯ ಶಸ್ತ್ರಚಿಕಿತ್ಸೆ ಆಗಿತ್ತು, ಜನನ ಪ್ರಮಾಣಪತ್ರದಲ್ಲೇ ಗಂಡು ಎಂದು ತಿದ್ದಿಯಾಗಿತ್ತು. ಮಂಡಳಿಯ ನಿರ್ಣಯವನ್ನು ಅಕ್ಷರಶಃ ಪಾಲಿಸುವುದಾದರೆ ಈ ಗಡ್ಡದ ತರುಣ ಹುಡುಗಿಯರ ಟಾಯ್ಲೆಟ್ಟಿಗೆ ಹೋಗಬೇಕು! ಶಾಲೆಯ ದಾಖಲೆ ತಿದ್ದಿಕೊಡಿ ಎಂದರೆ ಅದನ್ನೂ ಮಂಡಳಿ ಒಪ್ಪಲಿಲ್ಲ. 2017ರ ಜೂನ್‌ನಲ್ಲಿ ಆತ ಹೈಸ್ಕೂಲು ಮುಗಿಸಿ ಹೊರಬಿದ್ದ. ಕೇಸು ಮುಗಿದಿರಲಿಲ್ಲ.

ರಿಚ್ಮಂಡ್‌ನ ಮೇಲ್ಮನವಿ ಕೋರ್ಟಿನ ತೀರ್ಪು ಬಂದದ್ದು 2020ರ ಆಗಸ್ಟ್ 26ರಂದು, 2–1ರಲ್ಲಿ. ಬಹುಮತದ ತೀರ್ಪು ಬರೆದವರು ಹೆನ್ರಿ ಫ್ಲಾಯ್ಡ್: ಟಾಯ್ಲೆಟ್ ನಿರಾಕರಿಸಿದ್ದೂ ತಪ್ಪು, ದಾಖಲೆ ತಿದ್ದದೇ ಹೋದದ್ದೂ ತಪ್ಪು. ಭಿನ್ನಮತದ ಪಾಲ್ ನೀಮೇಯರ್, ಕಾನೂನು ಬಿಟ್ಟುಕೊಟ್ಟ ಮಿತಿಯೊಳಗೇ ಶಾಲೆ ನಡೆದಿದೆ, ಉಳಿದ ಮಕ್ಕಳ ಮರೆಯ ಹಕ್ಕೂ ಹಕ್ಕೇ ಎಂದರು. 2021ರ ಜೂನ್ 28ರಂದು ಸುಪ್ರೀಂ ಕೋರ್ಟ್ ಮಂಡಳಿಯ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಎದುರು ಪಕ್ಷದ ವಕೀಲರ ಖರ್ಚೆಂದು ಗ್ಲಾಸ್ಟರ್ 13 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಅಷ್ಟು ಹಣದಲ್ಲಿ ಎಷ್ಟು ಬಾಗಿಲನ್ನು ನೆಲದವರೆಗೆ ಇಳಿಸಬಹುದಿತ್ತು ಎಂದು ಲೆಕ್ಕ ಹಾಕುವ ಆಸೆ ನನಗೆ.

ಗ್ಲಾಸ್ಟರ್‌ನಲ್ಲಿ ಗಾಯವಾದದ್ದು ನಮ್ಮಲ್ಲಿ ಪರಿಹಾರವಾಗಿ ಬಂದಿದೆ ಎಂಬುದು ಇದರ ಸೋಜಿಗ. ಅದೇ 2014ರ ಏಪ್ರಿಲ್ 15ರಂದು ನಮ್ಮ ಸುಪ್ರೀಂ ಕೋರ್ಟ್ ‘ನಾಲ್ಸಾ’ ತೀರ್ಪಿನಲ್ಲಿ, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಅದೇ ತೀರ್ಪಿನಲ್ಲಿ ಅವರಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಒದಗಿಸಿ ಎಂದೂ ಸರ್ಕಾರಗಳಿಗೆ ಹೇಳಿತು. ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಕಡೆಯಿಂದ ಬೈಸಿಕೊಂಡು ಹೊರಬಿದ್ದ ಮಂಗಳಮುಖಿಯೊಬ್ಬರಿಗೆ ಮೂರನೆಯ ಬಾಗಿಲು ಅವಮಾನವಲ್ಲ, ಉಸಿರು. ಎಲ್ಲರೂ ಹೆಂಗಸರೆಂದೇ ನೋಡುವ ಟ್ರಾನ್ಸ್ ಮಹಿಳೆಯೊಬ್ಬರಿಗೆ ಅದೇ ಬಾಗಿಲು ಬೊಟ್ಟು ಮಾಡಿ ತೋರಿಸಿದ ಹಾಗೆ. 2017ರಲ್ಲಿ ಸ್ವಚ್ಛ ಭಾರತದ ಮಾರ್ಗಸೂಚಿ ಬಂದು, ತಮಗೆ ಬೇಕಾದ ಕಡೆಯ ಶೌಚಾಲಯ ಬಳಸಬಹುದು ಎಂದು ಇದನ್ನು ಅವರ ಆಯ್ಕೆಗೇ ಬಿಟ್ಟಿತು. ಇದ್ದುದರಲ್ಲಿ ಬುದ್ಧಿವಂತಿಕೆಯ ಮಾತು ಅದು. ಆದರೆ ಬಸ್‌ಸ್ಟ್ಯಾಂಡಿನ ಟಾಯ್ಲೆಟ್ಟಿನ ಮುಂದೆ ಮೇಜು ಹಾಕಿಕೊಂಡು ಚಿಲ್ಲರೆ ಎಣಿಸುವವರಿಗೆ ಅದನ್ನು ತಲುಪಿಸುವವರು ಯಾರು?

ಮತ್ತೆ ಅಮೆರಿಕಕ್ಕೆ. ರಿಚ್ಮಂಡ್ ತೀರ್ಪು ನಡೆಯುವುದು ವರ್ಜೀನಿಯಾ ಸೇರಿ ಐದು ರಾಜ್ಯಗಳಲ್ಲಿ ಮಾತ್ರ. ಫ್ಲಾರಿಡಾದ ಸೇಂಟ್ ಜಾನ್ಸ್ ಕೌಂಟಿಯಲ್ಲಿ ಡ್ರೂ ಆಡಮ್ಸ್ ಎಂಬ ಟ್ರಾನ್ಸ್ ಹುಡುಗ ಇದೇ ವಾದ ಹೂಡಿದ. 2022ರ ಡಿಸೆಂಬರ್ 30ರಂದು ಅಲ್ಲಿನ ಮೇಲ್ಮನವಿ ಕೋರ್ಟ್ 7–4ರಲ್ಲಿ ಶಾಲಾ ಮಂಡಳಿಯ ಕಡೆ ನಿಂತಿತು. ನೌಕಾಪಡೆಯ ದೊಡ್ಡ ನೆಲೆ ಗ್ಲಾಸ್ಟರ್‌ಗೆ ದೂರವಲ್ಲದ ನಾರ್ಫೋಕ್‌ನಲ್ಲಿದೆ. ಇನ್ನೊಂದು ಸೇಂಟ್ ಜಾನ್ಸ್‌ಗೆ ಅಂಟಿಕೊಂಡ ಜಾಕ್ಸನ್‌ವಿಲ್ಲಿನಲ್ಲಿ. ಅಪ್ಪನಿಗೆ ಒಂದರಿಂದ ಇನ್ನೊಂದಕ್ಕೆ ವರ್ಗವಾದರೆ, ಟ್ರಾನ್ಸ್ ಮಗನೊಬ್ಬ ಹಳೆಯ ಶಾಲೆಯಲ್ಲಿ ಕೋರ್ಟಿನ ಬಲದಿಂದ ನಿರಾತಂಕವಾಗಿ ತಳ್ಳುತ್ತಿದ್ದ ಬಾಗಿಲನ್ನು ಹೊಸ ಶಾಲೆಯಲ್ಲಿ ಮುಟ್ಟುವ ಹಾಗಿಲ್ಲ. ಅದೂ ಕೋರ್ಟಿನ ಬಲದಿಂದಲೇ.