ಹೆಸರಿಲ್ಲದ ರಾಣಿಯ ಚಿತ್ರ

ಕಮಲಾಪುರದಲ್ಲಿರುವ ನನ್ನ ಸೋದರಳಿಯನ ಮನೆಗೆ ಹೋಗಲೆಂದು ಕಳೆದ ಮಾಘಮಾಸದಲ್ಲಿ ಕಲಬುರಗಿಗೆ ಬಂದಿಳಿದೆನು. ನನ್ನನ್ನು ಕರೆದೊಯ್ಯಲು ಅವನೊಡನೆ ಅವನ ಮಗಳೂ ಬಂದಿದ್ದಳು. ಆರನೆಯ ತರಗತಿಯ ಬಾಲಿಕೆ. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಬಂದೇ ನವಾಜರ ದರ್ಗೆಯ ಸಮೀಪದಲ್ಲಿರುವ ಹಫ್ತ್ ಗುಂಬಜನ್ನು ಮೂವರೂ ನೋಡಹೋದೆವು.

ಬಹಮನಿ ಅರಸರ ಸಮಾಧಿಗಳ ಆ ಸಮೂಹದಲ್ಲಿ ದೊಡ್ಡದು ಫಿರೋಜ ಷಹನದು. ಅವನು 1397ರಿಂದ 1422ರವರೆಗೆ ಆಳಿದವನು. ಕಟ್ಟಡಕ್ಕೆ ಎರಡು ಗುಮ್ಮಟಗಳು. ಒಂದರಡಿಯಲ್ಲಿ ಅರಸನು, ಮತ್ತೊಂದರಡಿಯಲ್ಲಿ ಅವನ ಪರಿವಾರದವರು. ಸೂರನ್ನು ಹೊತ್ತ ಕೆತ್ತನೆಯ ಕಲ್ಲುಗಳನ್ನು ಕಂಡಾಗ ದೇವಾಲಯದ ಶಿಲ್ಪಿಗಳ ಕೈಚಳಕವೇ ನೆನಪಿಗೆ ಬರುವುದು. ಒಳಗಿನ ತಂಪಿನಲ್ಲಿ ನಿಂತು ನಾನು ಮಗುವಿಗೆ ಹಳೆಯ ಪಾಠವನ್ನೊಪ್ಪಿಸಿದೆನು. 1406ರ ಯುದ್ಧದಲ್ಲಿ ವಿಜಯನಗರದ ಒಂದನೆಯ ದೇವರಾಯನು ಸೋತನು. ಸಂಧಿಯ ಮೇರೆಗೆ ತನ್ನ ಮಗಳನ್ನು ಫಿರೋಜನಿಗೆ ಕೊಟ್ಟನು. ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆಗಳೊಡನೆ ಬಂಕಾಪುರದ ಕೋಟೆಯನ್ನೂ ಕೊಟ್ಟನು. ವರನು ಬರುವಾಗ ಆರು ಮೈಲಿಯುದ್ದಕ್ಕೂ ದಾರಿಯಲ್ಲಿ ಜರತಾರಿ, ಮಖಮಲ್ಲುಗಳನ್ನು ಹಾಸಿದ್ದರಂತೆ.

ಹುಡುಗಿ ಎಲ್ಲವನ್ನೂ ಕೇಳಿ, "ಅಜ್ಜಾ, ಆ ರಾಣಿ ಹೆಸರೇನು? ನೋಡಾಕ ಹ್ಯಾಂಗಿದ್ದಳು?" ಎಂದಳು.

ನಾನು ನಿರುತ್ತರನಾದೆನು. ಮೂವತ್ತು ವರ್ಷಗಳ ಕಾಲ ಈ ಪಾಠವನ್ನು ಹೇಳಿದವನು ನಾನು. "ವರದಕ್ಷಿಣೆಯಾಗಿ ಕೊಟ್ಟ ಕೋಟೆ ಯಾವುದು?" ಎಂದು ಪ್ರತಿವರ್ಷವೂ ಪ್ರಶ್ನೆ ಹಾಕಿ, ಬಂಕಾಪುರವೆಂದು ಬರೆದವರಿಗೆ ಅಂಕ ಕೊಟ್ಟಿದ್ದೇನೆ. ಕನ್ಯೆಯ ಹೆಸರನ್ನು ನಾನೂ ಕೇಳಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ.

ಕಮಲಾಪುರಕ್ಕೆ ಹುಮನಾಬಾದಿನ ಮಾರ್ಗದಲ್ಲಿ ಹೋಗಬೇಕು. ಸುಮಾರು 35 ಕಿಲೋಮೀಟರು. ದಾರಿಯುದ್ದಕ್ಕೂ ಅದೇ ಯೋಚನೆ. ಈ ವಿವಾಹವೃತ್ತಾಂತವನ್ನು ಬರೆದಿಟ್ಟವನು ಫಿರಿಶ್ತಾ. ವಿಜಾಪುರದಲ್ಲಿದ್ದು, ಘಟನೆಯಾದ ಸುಮಾರು 200 ವರ್ಷಗಳ ಅನಂತರ ಬರೆದನು. ವಿವಾಹವೇ ನಡೆಯಿತೋ ಇಲ್ಲವೋ ಎಂದು ಶಂಕಿಸುವ ಪಂಡಿತರೂ ಉಂಟು. ಫಿರೋಜನ ಅಂತಃಪುರದಲ್ಲಿ ನಾನಾ ದೇಶದ ಸ್ತ್ರೀಯರಿದ್ದರೆಂದೂ, ಆತನು ಒಬ್ಬೊಬ್ಬಳೊಡನೆ ಅವಳವಳ ಭಾಷೆಯಲ್ಲಿಯೇ ಸಂಭಾಷಿಸುತ್ತಿದ್ದನೆಂದೂ ಅವನೇ ಹೇಳುತ್ತಾನೆ. ಹಾಗಾದರೆ ಈಕೆಯೊಡನೆ ಯಾವ ಮಾತನ್ನಾಡಿದನು? ಮುತ್ತನ್ನು ತೂಗಿ, ಆನೆಗಳನ್ನೆಣಿಸಿದ ಲೇಖನಿಯು ಅಲ್ಲಿ ಮೌನವಾಗಿದೆ. ಕಾಳಿದಾಸನ ಅಗ್ನಿಮಿತ್ರನಾದರೋ ವಿದರ್ಭದ ಮಾಳವಿಕೆಯನ್ನು ಮೊದಲು ಚಿತ್ರದಲ್ಲಿಯೇ ಕಂಡನು. ಈ ರಾಜಪುತ್ರಿಗೆ ಅಷ್ಟು ಭಾಗ್ಯವೂ ಇಲ್ಲ.

ಮನೆಯಲ್ಲಿ ಸೊಸೆಯು ಕಾಫಿಯೊಡನೆ ಆ ಊರಿನ ಪ್ರಸಿದ್ಧವಾದ ಕೆಂಪು ಬಾಳೆಯ ಹಣ್ಣುಗಳನ್ನು ತಂದಿಟ್ಟಳು. ಅದರ ಸಿಪ್ಪೆಯ ಬಣ್ಣವನ್ನು ವರ್ಣಿಸುವುದು ಕಷ್ಟ. ರುಚಿಯನ್ನು ವರ್ಣಿಸುವುದು ಅನಾವಶ್ಯಕ. ಹುಡುಗಿ ತನ್ನ ಪಾಠದ ಪುಸ್ತಕವನ್ನು ತಂದು, "ಚಾಂದಬೀಬಿದು ಚಿತ್ರ ಅದ ಅಲ್ಲಾ ಅಜ್ಜಾ!" ಎಂದು ವಾದಕ್ಕೆ ನಿಂತಳು.

ಅದೂ ನಿಜ. ಅಹಮದನಗರದಲ್ಲಿ ಹುಟ್ಟಿ ವಿಜಾಪುರದ ಒಂದನೆಯ ಅಲಿ ಆದಿಲಷಹನ ಪಟ್ಟದರಸಿಯಾಗಿ ಬಂದ ಚಾಂದಬೀಬಿಯು ಕುದುರೆಯ ಮೇಲೆ ಕುಳಿತು ಡೇಗೆಯನ್ನು ಹಾರಿಸುವ ಚಿತ್ರಗಳು ಹಲವು. ಆದರೆ ಅವುಗಳಲ್ಲಿ ಹೆಸರಾದವು ಆಕೆ ಮಡಿದು ನೂರು ವರ್ಷ ಕಳೆದ ಮೇಲೆ ಬರೆದವು. ಬರೆದವರು ಆಕೆಯ ಮುಖವನ್ನು ಕಂಡವರಲ್ಲ. ಆಕೆಯೊಡನೆಯೂ ಒಂದು ಕೋಟೆಯೇ ಬಂದಿತ್ತು, ಸೊಲ್ಲಾಪುರದ್ದು. ಆಕೆಯ ತಾಯಿ ಖುಂಜಾ ಹುಮಾಯೂನಳ ಚಿತ್ರಗಳನ್ನು ಸಮಕಾಲೀನರೇ ಬರೆದಿದ್ದರು. 1569ರಲ್ಲಿ ಹೆತ್ತ ಮಗನು ಆಕೆಯನ್ನು ಸೆರೆಗೆ ಹಾಕಿದ ಮೇಲೆ, ಗಂಡನ ಪಕ್ಕದಲ್ಲಿದ್ದ ಆಕೆಯ ಆಕೃತಿಯನ್ನು ಬಹುತೇಕ ಪುಟಗಳಲ್ಲಿ ಅಳಿಸಿಬಿಟ್ಟರು. ಆ ಗ್ರಂಥವು ಈಗ ಪುಣೆಯಲ್ಲಿದೆ.

ಇದನ್ನು ಕೇಳಿದ ಸೊಸೆಯು, "ಮಾವಾ, ತಾಯಿ ಚಿತ್ರಾ ಅಳಿಸಿದರೇನ್ರಿ?" ಎಂದು ಎರಡು ಸಲ ಕೇಳಿದಳು. ಆಕೆಯ ತವರು ಲಾತೂರಿನ ಕಡೆಯದು. ನಾನು ಕತ್ತೆತ್ತಿ ನಡುಮನೆಯ ಗೋಡೆಯನ್ನು ನೋಡಿದೆನು. ನನ್ನ ಭಾವನದೂ ಅವರ ತಂದೆಯದೂ ಪಟಗಳಿದ್ದವು. ನನ್ನ ತಂಗಿಯದು ಇರಲಿಲ್ಲ. ಒಂದು ಮದುವೆಯ ಗುಂಪುಚಿತ್ರದಲ್ಲಿ ಅವಳು ಅರ್ಧ ಕಾಣುತ್ತಾಳೆ. ಅದನ್ನು ದೊಡ್ಡದು ಮಾಡಿಸಲು ಹಣ ಕೊಟ್ಟು ಬಂದಿದ್ದೇನೆ.

ಹುಡುಗಿಯು ಆ ರಾತ್ರಿಯೇ ದಿಬ್ಬಣವನ್ನು ಬರೆಯಲು ಕುಳಿತಳು. ಐವತ್ತು ಆನೆಗಳನ್ನು ಬರೆದೇ ತೀರುವೆನೆಂದು ಹಟ ಹಿಡಿದಿದ್ದಳು. ಒಂಬತ್ತರಲ್ಲಿಯೇ ಹಾಳೆ ತುಂಬಿತು. ರಾಣಿಗೆ ಜಾಗವಿಡೆಂದು ಹೇಳಿದೆನು. ಎಡದ ಮೂಲೆಯಲ್ಲಿ ಅಂಗೈಯಷ್ಟು ಬಿಟ್ಟಿದ್ದಾಳೆ.