ಫೋನಿನೊಳಗೆ ಹಸ ಕೂಗಿದ ದಿವ್ಸ

ಹೋದ ತಿಂಗಳು ಮದ್ದೂರಲ್ಲಿ ದೊಡ್ಡವ್ವನ ಮೊಮ್ಮಗನ ನಾಮಕರಣ. ಊಟ ಆಗಿ, ಎಲೆ ಅಡಿಕೆ ಹಾಕ್ಕಂಡು ಹೆಂಗಸ್ರೆಲ್ಲ ಚಾಪೆ ಮೇಲೆ ಕುಂತಿದ್ವಿ. ನನ್ನ ಫೋನಿಗೆ ಮಗಳ ಮೆಸೇಜು ಬಂತು: "ಅಮ್ಮ, ನನ್ನ ಬಿಟ್ಟು ಹನ್ನೊಂದನೇ ಎಪಿಸೋಡ್ ನೋಡ್ಬೇಡ." ಪಕ್ಕದಲ್ಲಿದ್ದ ಚಿಕ್ಕವ್ವ ಬಗ್ಗಿ ನೋಡಿ, "ಅದ್ಯಾವ ಸೀರಿಯಲ್ಲವ್ವ?" ಅಂದ್ರು. ಸೀರಿಯಲ್ಲಲ್ಲ ಚಿಕ್ಕವ್ವ, ಜಪಾನಿನ ಕಾರ್ಟೂನು ಅಂದೆ. "ಮಗಳು ಮದ್ವೆ ವಯಸ್ಸಿಗೆ ಬಂದವ್ಳೆ, ಇವ್ಳಿಗೆ ಕಾರ್ಟೂನು!" ಅಂತ ಚಾಪೆ ಪೂರ್ತಿ ನಕ್ತು. ನಾನೂ ನಕ್ಕೆ. ಆಮೇಲೆ ಕೈ ತೊಳೆಯೋ ತಾವ ಒಬ್ಬೊಬ್ರೇ ಬಂದು ಮೆಲ್ಲಗೆ ಕೇಳಿದ್ರು: "ಅದ್ರಲ್ಲಿ ಏನಿರ್ತದೆ? ನಮ್ಮ ಹೈದನೂ ಬಾಗ್ಲು ಹಾಕ್ಕಂಡು ಅದ್ನೇ ನೋಡ್ತಾನೆ." ಅಲ್ಲಿ ನಿಂತ್ಕಂಡು ಹೇಳಾಕೆ ಆಗ್ಲಿಲ್ಲ, ಅದ್ಕೇ ಇಲ್ಲಿ ಬರೀತಿದ್ದೀನಿ.

ಇದಕ್ಕೆ ಅನಿಮೆ ಅಂತಾರೆ. ನಮ್ಮ ಹೈಕ್ಳು ಬಾಯಲ್ಲಿ ಕೇಳ್ತೀವಲ್ಲ, ನರುಟೊ, ಒನ್ ಪೀಸ್, ಡೀಮನ್ ಸ್ಲೇಯರ್, ಅವೆಲ್ಲ ದೊಡ್ಡ ಹೆಸ್ರು, ಹೊಡೆದಾಟದವು. ಅವ್ನ ಹೇಳಾಕೆ ನಾನು ಬೇಕಾಗಿಲ್ಲ. ಅಷ್ಟು ಹೆಸ್ರು ಮಾಡದೆ ಮೂಲೇಲಿ ಕುಂತಿರೋವು ಕೆಲವು ಅವೆ. ಹಸ, ಹಾಲು, ಅನ್ನ, ಅಕ್ಕಪಕ್ಕದ ಮನೆ, ಸಾಲ, ಸಾವು, ಇವೇ ಅದ್ರಲ್ಲಿರೋದು. ಅವ್ನ ಹೇಳ್ತೀನಿ. ಅದಕ್ಕೂ ಮುಂಚೆ ನಾನು ಎಂಗೆ ಇದಕ್ಕೆ ಬಿದ್ದೆ ಅನ್ನೋದ ಹೇಳ್ಬೇಕು. ಅದು ಒಸಿ ನಾಚಿಕೆ ಪಡೋ ಸಂಗತಿ.

ಮಗಳು ಸೆಕೆಂಡ್ ಪಿಯುಸಿ ಸೈನ್ಸು. ಟ್ಯೂಷನ್ ಫೀಸು ಹೊಂಚಾಕೆ ಆಗದೆ ಮನೇಲಿದ್ದ ಒಂದೇ ಹಸ ಗೌರೀನ ಮಾರಿದ್ವಿ. ಗೌರಿ ಅಂದ್ರೆ ನಮ್ಮ ಬೀದಿಗೆಲ್ಲ ಗೊತ್ತು, ಮಗಳು ಹೈಸ್ಕೂಲಿಗೆ ಹೋಗುವಾಗ ಬೆಳಿಗ್ಗೆ ಅದರ ಹಾಲು ಡೇರಿಗೆ ಹಾಕೇ ಬಸ್ ಹತ್ತೋಳು. ರಿಸಲ್ಟ್ ಬಂದ ದಿನ ಫಿಸಿಕ್ಸಲ್ಲಿ ಫೇಲು. ಅವಳು ಅಳ್ಲಿಲ್ಲ, ಫೋನ್ ತೋರಿಸಿ ಸುಮ್ಕೆ ನಿಂತ್ಲು. ನಾನು ಬಾಯಿಗೆ ಬಂದಂಗೆ ಅಂದುಬಿಟ್ಟೆ: "ಗೌರೀನೇ ಮಡೀಕಂಡಿದ್ರೆ ದಿನಕ್ಕೆ ಹತ್ತು ಲೀಟರ್ ಹಾಲಾದ್ರೂ ಕೊಡ್ತಿತ್ತು."

ಅಂದ ಮೇಲೆ ಮಾತು ವಾಪಸ್ ಬರ್ತದಾ? ರೂಮಿಗೆ ಹೋಗಿ ಬಾಗ್ಲು ಹಾಕ್ಕಂಡ್ಲು. ಊಟಕ್ಕೆ ಕರೆದ್ರೆ ಬರೋಳು, ಹಿಟ್ಟು ಮುರಿಯೋಳು, ತಟ್ಟೆ ತೊಳೆದಿಟ್ಟು ಮತ್ತೆ ಒಳಗೆ. ಹತ್ತು ಹನ್ನೆರಡು ದಿನ ಇದೇ. ನಮ್ಮೆಜಮಾನ್ರು "ಬುಡು, ಸರಿ ಹೋಯ್ತಾಳೆ" ಅಂದ್ರು. ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಪೇಪರಲ್ಲಿ ಓದ್ತೀವಲ್ಲ, ರಿಸಲ್ಟ್ ಬಂದಾಗ ಹೈಕ್ಳು ಏನೇನೋ ಮಾಡ್ಕತವೆ ಅಂತ. ನಡುರಾತ್ರೀಲಿ ಎದ್ದು ಬಾಗಿಲ ತಾವ ಕಿವಿ ಕೊಟ್ಟು ನಿಲ್ತಿದ್ದೆ. ಒಳಗಿಂದ ಯಾವುದೋ ತಿಳೀದ ಭಾಷೆ ಮಾತು ಕೇಳ್ತಿತ್ತು. ಫೋನ್ ನೋಡ್ತಾವ್ಳೆ ಅಂದ್ರೆ ಉಸಿರಾಡ್ತಾವ್ಳೆ ಅಂತ ಸಮಾಧಾನ ಮಾಡ್ಕಂಡು ಹೋಗಿ ಮಲಗ್ತಿದ್ದೆ.

ಒಂದಿನ ಮಧ್ಯಾಹ್ನ ಅವರೆಕಾಯಿ ಬಿಡಿಸ್ತಾ ಕುಂತಿದ್ದೆ. ರೂಮಿಂದ ಹಸ ಕೂಗ್ದಂಗಾಯ್ತು. ಗೌರಿ ಹೋದ ಮೇಲೆ ನಮ್ಮ ಹಟ್ಟೀಲಿ ಆ ಶಬ್ದ ಕೇಳಿರ್ಲಿಲ್ಲ. ಮೊರ ಅಲ್ಲೇ ಬಿಟ್ಟು ಬಾಗಿಲು ತಳ್ಳಿದ್ರೆ ಚಿಲ್ಕ ಹಾಕಿರ್ಲಿಲ್ಲ. ಫೋನಲ್ಲಿ ಒಬ್ಬ ಕನ್ನಡಕದ ಹುಡ್ಗ ಹಸಿನ ಪಕ್ಕದಲ್ಲಿ ಹೆದ್ರಿಕಂಡು ನಿಂತವ್ನೆ. ನಾನು ಬೇರೆ ಏನೂ ಹೇಳಾಕೆ ಗೊತ್ತಾಗದೆ, "ಕೆಚ್ಚಲು ಸರಿಯಾಗಿ ಬರೆದವ್ರೆ" ಅಂದೆ. ಅವಳು ತಿರುಗಿ ನೋಡಿ, "ಬರೆದೋರು ಡೇರಿ ಮನೆಯೋರು, ಅದ್ಕೇ" ಅಂದ್ಲು. ಅಷ್ಟು ದಿನ ಆದ್ಮೇಲೆ ನಮ್ಮಿಬ್ರ ಮಧ್ಯೆ ಬಂದ ಮೊದಲನೇ ಮಾತು ಅದು.

ಆ ಸರಣಿ ಹೆಸ್ರು ಸಿಲ್ವರ್ ಸ್ಪೂನ್, ಜಪಾನೀಲಿ ಗಿನ್ ನೊ ಸಾಜಿ. 2013ರಲ್ಲಿ ಹನ್ನೊಂದು ಎಪಿಸೋಡು, 2014ರಲ್ಲಿ ಇನ್ನೊಂದು ಹನ್ನೊಂದು. ಕತೆ ಬರೆದ ಹಿರೋಮು ಅರಕಾವ ಹೆಣ್ಣುಮಗಳು. ಜಪಾನಿನ ಉತ್ತರದ ಹೊಕ್ಕೈಡೊದಲ್ಲಿ ಡೇರಿ ಮನೇಲಿ ಹುಟ್ಟಿ, ಸ್ಕೂಲು ಮುಗಿಸಿ ಏಳು ವರ್ಷ ಹಸ ನೋಡ್ಕಂಡೇ ಇದ್ದು ಆಮೇಲೆ ಟೋಕಿಯೋಗೆ ಹೋದೋರು. ಅವರು ಬರೆದ ಹೊಡೆದಾಟದ ಕತೆ ಲೋಕಕ್ಕೆಲ್ಲ ಗೊತ್ತು, ಇದು ಅಷ್ಟಾಗಿ ಗೊತ್ತಿಲ್ಲ.

ಹಾಚಿಕೆನ್ ಅಂತ ಪ್ಯಾಟೆ ಹುಡ್ಗ. ಓದು, ಮಾರ್ಕ್ಸು, ಅಪ್ಪನ ಮುಖ, ಇವೆಲ್ಲ ಸಾಕಾಗಿ ಮನೆಯಿಂದ ದೂರ ಇದ್ರೆ ಸಾಕು ಅಂತ ಹಾಸ್ಟೆಲ್ಲಿರೋ ಒಂದು ಕೃಷಿ ಹೈಸ್ಕೂಲಿಗೆ ಸೇರ್ಕತಾನೆ. ನಮ್ಮ ವಿ.ಸಿ. ಫಾರಮ್ಮಿನ ಕಡೆ ಹೋದ್ರೆ ಗದ್ದೆ, ಕೊಟ್ಟಿಗೆ, ಓದೋ ಹೈಕ್ಳು ಎಲ್ಲ ಒಟ್ಟಿಗೆ ಕಾಣ್ತವಲ್ಲ, ಅಂಥ ಜಾಗ ಅನ್ಕಳಿ. ಮೊಟ್ಟೆ ಕೋಳಿಗೆ ಎಲ್ಲಿಂದ ಬರ್ತದೆ ಅಂತ ಅವನಿಗೆ ಅಲ್ಲೇ ಗೊತ್ತಾಗೋದು. ಗೊತ್ತಾದ ಮೇಲೆ ಮೊಟ್ಟೆ ತಿನ್ನಲ್ಲ ಅಂತ ಕೂರ್ತಾನೆ. ನಾನು ನಕ್ಕಿದ್ದು ನೋಡಿ ಮಗಳೂ ನಕ್ಲು.

ನಗ್ಸಿ ನಗ್ಸಿ ಆಮೇಲೆ ಗಂಟಲು ಹಿಡೀತದೆ. ಹುಟ್ಟಿದ ಹಂದಿಮರೀಲೆಲ್ಲ ಬಡಕಲು ಒಂದಕ್ಕೆ ಆ ಹುಡ್ಗ ಹೆಸ್ರು ಇಡ್ತಾನೆ. ಹೆಸ್ರು ಇಡ್ಬೇಡ ಅಂತ ಎಲ್ರೂ ಹೇಳ್ತಾರೆ. ಮಾಂಸಕ್ಕೆ ಅಂತ್ಲೇ ಸಾಕೋ ಮರಿ ಅದು. ಕೊನೆಗೆ ರಜೇಲಿ ದುಡಿದ ಕಾಸು ಕೊಟ್ಟು ಅದರ ಮಾಂಸನ ತಾನೇ ಕೊಂಡ್ಕತಾನೆ. ನಮ್ಮ ಮನೇಲಿ ಹಂದಿ ತಿನ್ನಲ್ಲ. ಆದ್ರೂ ಹೆಸರಿಟ್ಟ ಪ್ರಾಣೀನ ಕಳಿಸೋದು ಏನು ಅಂತ ನಂಗೆ ಗೊತ್ತು. ಗೌರಿ ಹಗ್ಗ ಬಿಚ್ಚಿಕೊಟ್ಟೋಳು ನಾನೇ.

ಅದ್ರಲ್ಲೇ ಕೊಮಾಬ ಅಂತ ಇನ್ನೊಬ್ಬ ಹುಡ್ಗ. ಅಪ್ಪ ಇಲ್ಲ, ಅವ್ವ ಡೇರಿ ನಡೆಸ್ತಾಳೆ. ಇವನು ಬೇಸ್‌ಬಾಲ್ ಆಡಿ ಮೇಲೆ ಬಂದು ಮನೆ ಎತ್ತಬೇಕು ಅಂತಿರ್ತಾನೆ. ಸಾಲ ತೀರಲ್ಲ. ಕೊಟ್ಟಿಗೆ ಖಾಲಿಯಾಯ್ತದೆ, ಹುಡ್ಗ ಸ್ಕೂಲು ಬಿಡ್ತಾನೆ. ಆ ಸಾಲಕ್ಕೆ ಜಾಮೀನು ನಿಂತಿದ್ದ ಇನ್ನೊಂದು ಮನೆಯೋರು ತಮ್ಮ ಕುದುರೆ ಮಾರಬೇಕಾಯ್ತದೆ. ಜಾಮೀನು ಹಾಕಿದೋನ ಮನೇನೂ ಎಂಗೆ ಅಲ್ಲಾಡ್ತದೆ ಅಂತ ಕಬ್ಬಿನ ಸೀಮೆ ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಜಪಾನಲ್ಲೂ ಇದೇನಾ ಅಂತ ನಮ್ಮೆಜಮಾನ್ರೂ ಬಂದು ಕುಂತ್ರು.

ಬೆಳ್ಳಿ ಚಮಚ ಅಂದ್ರೇನು ಅಂತ ಕೇಳ್ತೀರಾ? ಆ ಸ್ಕೂಲಿನ ಊಟದ ಮನೆ ಬಾಗಿಲ ಮೇಲೆ ಒಂದು ನೇತಾಕವ್ರೆ. ಮಗಾನ ಕೈಗೆ ಬೆಳ್ಳಿ ಚಮಚ ಕೊಟ್ರೆ ಜನ್ಮದಲ್ಲಿ ಅನ್ನಕ್ಕೆ ಕಮ್ಮಿ ಆಗಲ್ಲ ಅಂತ ನಂಬಿಕೆ. ನಾವು ಒಳಲೆ ಕೊಡಲ್ವಾ, ಅಂಗೆ.

ಎರಡನೇ ಭಾಗದಲ್ಲಿ ಹಾಚಿಕೆನ್ ಮೈಗೆ ಮೀರಿ ಕೆಲಸ ಮಾಡಿ ಕುಸಿದು ಬಿದ್ದು ಆಸ್ಪತ್ರೆ ಸೇರ್ತಾನೆ. ಅಪ್ಪ ಬರ್ತಾನೆ. ಮಗ ಮಲಗಿರೋದ ನೋಡೂ ಅವನ ಬಾಯಲ್ಲಿ ಒಂದು ಮೆತ್ತನೆ ಮಾತು ಬರಲ್ಲ. ನಂಗೆ ಮೈಯೆಲ್ಲ ಬಿಸಿಯಾಯ್ತು. ಮಗಳು ನನ್ನ ಕಡೆ ತಿರುಗ್ಲಿಲ್ಲ, ಫೋನನ್ನೇ ನೋಡ್ತಿದ್ಲು. "ಅವತ್ತು ನಾನು ಅಂದಿದ್ದು ತಪ್ಪು ಕನ ಮಗ" ಅಂದೆ. ಅವಳು ಒಸಿ ಹೊತ್ತು ಸುಮ್ಕಿದ್ದು, "ಕೆಳಗಿನ ಅಕ್ಷರ ಹೋಯ್ತವೆ, ಓದು" ಅಂದ್ಲು. ಅಂದೋಳು ನನ್ನ ಪಕ್ಕಕ್ಕೆ ಸರಿದು ಕುಂತ್ಲು. ಪರೀಕ್ಷೆ-2ರಲ್ಲೂ ಆಗ್ಲಿಲ್ಲ, ಪರೀಕ್ಷೆ-3ರಲ್ಲಿ ಪಾಸಾದ್ಲು, ಗಡಿ ದಾಟೋಷ್ಟು ಮಾರ್ಕ್ಸು. ಈಗ ಮಂಡ್ಯದಲ್ಲೇ ಬಿಕಾಂ. ಆ ಮಾತು ಅವಳು ಮರ್ತವ್ಳೆ ಅಂತ ನಾನು ಅನ್ಕಂಡಿಲ್ಲ. ನಾನೂ ಮರ್ತಿಲ್ಲ.

ಇನ್ನು ಮಿಕ್ಕವು.

ಸ್ವೀಟ್‌ನೆಸ್ ಅಂಡ್ ಲೈಟ್ನಿಂಗ್. 2016ರದು, ಹನ್ನೆರಡೇ ಎಪಿಸೋಡು. ಲೆಕ್ಕದ ಮೇಷ್ಟ್ರು ಒಬ್ರು, ಹೆಂಡ್ತಿ ತೀರಿಕೊಂಡು ಆರು ತಿಂಗಳು. ಸಣ್ಣ ಮಗಳು ತ್ಸುಮುಗಿ. ದಿನಾ ಅಂಗಡಿ ಡಬ್ಬಿ ಊಟ ತಂದು ಮಗೂಗೆ ಇಕ್ತಿರ್ತಾರೆ. ಅವರ ಸ್ಕೂಲಿನ ಒಬ್ಳು ಹುಡುಗಿ ಮನೇಲಿ ಸಣ್ಣ ಹೋಟ್ಲು. ಅವಳಿಗೆ ಚಾಕು ಕಂಡ್ರೆ ಭಯ, ಮೇಷ್ಟ್ರಿಗೆ ಅಡಿಗೆ ಬರಲ್ಲ. ಇಬ್ರೂ ಸೇರಿ ಕಲೀತಾರೆ. ಮೊದಲನೇ ಎಪಿಸೋಡಲ್ಲಿ ಮಾಡೋದು ಬರೀ ಅನ್ನ, ಮಣ್ಣಿನ ಗಡಿಗೇಲಿ. ಮುಚ್ಚಳ ತೆಗೆದಾಗ ಆ ಮಗು ಮುಖ ನೋಡ್ಬೇಕು. ಇದನ್ನ ನಾನು ಮಳವಳ್ಳೀಲಿರೋ ನನ್ನ ತಮ್ಮನಿಗೆ ಕಳಿಸ್ದೆ. ನಮ್ಮ ನಾದಿನಿ ಹೋದ್ಮೇಲೆ ಎರಡು ಹೆಣ್ಣೈಕ್ಳ ಇಟ್ಕಂಡು ಅವನೊಬ್ನೇ ಅವ್ನೆ, ನಿಮಗೆ ಗೊತ್ತಲ್ಲ. ನೋಡ್ದೆ ಅಂತ್ಲೂ ಹೇಳ್ಲಿಲ್ಲ, ಚೆನ್ನಾಗಿತ್ತು ಅಂತ್ಲೂ ಹೇಳ್ಲಿಲ್ಲ. ವಾರ ಬಿಟ್ಟು ಫೋನ್ ಮಾಡಿ, "ಅಕ್ಕ, ಉಪ್ಸಾರು ಖಾರಕ್ಕೆ ಬೆಳ್ಳುಳ್ಳಿ ಎಷ್ಟು?" ಅಂತ ಕೇಳ್ದ.

ಬರಕಮೊನ್. 2014ರದು, ಇದೂ ಹನ್ನೆರಡು. ಟೋಕಿಯೋದ ಒಬ್ಬ ಅಕ್ಷರ ಬರೆಯೋ ಕಲಾವಿದ. ಬ್ರಷ್ಷಲ್ಲಿ ಅಕ್ಷರ ಬರೆಯೋದು ಅಲ್ಲಿ ದೊಡ್ಡ ಕಲೆ. ನಿನ್ನ ಬರವಣಿಗೆ ಪಾಠದ ಪುಸ್ತಕದಂಗದೆ ಅಂದ ಮುದುಕಪ್ಪನಿಗೆ ಏಟು ಹಾಕ್ಬಿಡ್ತಾನೆ. ಬುದ್ಧಿ ಬರ್ಲಿ ಅಂತ ಅಪ್ಪ ಅವನ್ನ ಗೊತೊ ಅನ್ನೋ ದೂರದ ದ್ವೀಪದ ಹಳ್ಳಿಗೆ ಕಳಿಸ್ತಾನೆ. ಅಲ್ಲಿ ಹೈಕ್ಳು ಹೇಳ್ದೆ ಕೇಳ್ದೆ ಮನೆಗೆ ನುಗ್ಗೋದು, ಪಕ್ಕದ ಮನೆಯಿಂದ ತರಕಾರಿ ಬರೋದು, ಎಲ್ರಿಗೂ ಎಲ್ರ ವಿಷಯ ಗೊತ್ತಿರೋದು, ನಮ್ಮೂರೇ. ಅಲ್ಲಿನೋರು ಟೋಕಿಯೋ ಭಾಷೆ ಆಡಲ್ಲ, ದ್ವೀಪದ ಭಾಷೆ ಆಡ್ತಾರೆ. ಬೆಂಗಳೂರಲ್ಲಿ "ಒಸಿ" ಅಂದಿದ್ದಕ್ಕೆ ನಗಿಸಿಕೊಂಡೋರು ಇದನ್ನ ನೋಡ್ಲೇಬೇಕು. ಅದರಲ್ಲಿ ಅಕ್ಕಿ ಉಂಡೆ ಎಸೆದು ಜನ ಆಯ್ಕೊಳ್ಳೋ ಒಂದು ಪದ್ಧತಿ ಬರ್ತದೆ. ತೇರಿಗೆ ಎಸೆದ ಹಣ್ಣು ಹಿಡಿಯಾಕೆ ನಾವು ಮುಗಿಬೀಳ್ತೀವಲ್ಲ, ಅದೇ ನೆನಪಾಯ್ತು.

ಶೋವಾ ಗೆನ್ರೋಕು ರಾಕುಗೊ ಶಿಂಜು. ಹೆಸ್ರು ನಾಲಿಗೆಗೆ ಹೊರಳಲ್ಲ, ರಾಕುಗೊ ಅಂತ ಹುಡುಕಿ. 2016ರಲ್ಲಿ ಹದಿಮೂರು, 2017ರಲ್ಲಿ ಹನ್ನೆರಡು ಎಪಿಸೋಡು. ರಾಕುಗೊ ಅಂದ್ರೆ ಒಬ್ರೇ ದಿಂಬಿನ ಮೇಲೆ ಮಂಡಿಯೂರಿ ಕುಂತು, ಕೈಲಿ ಒಂದು ಬೀಸಣಿಗೆ ಒಂದು ವಸ್ತ್ರ ಹಿಡ್ಕಂಡು, ಗಂಡ ಹೆಂಡ್ತಿ ಕಳ್ಳ ಕುಡುಕ ಎಲ್ಲಾ ತಾವೇ ಆಗಿ ಕತೆ ಹೇಳೋದು. ಜೈಲಿಂದ ಬಿಟ್ಟ ಒಬ್ಬ ಹುಡ್ಗ ಒಬ್ಬ ಹಿರಿ ಕತೆಗಾರನ ಕಾಲು ಹಿಡಿದು ಶಿಷ್ಯ ಆಯ್ತಾನೆ. ಆ ಕಲೇನ ಆಮೇಲೆ ಯಾರು ಹೇಳ್ತಾರೆ ಅನ್ನೋದೇ ಕತೆಯ ಚಿಂತೆ. ಮಳವಳ್ಳಿ ಕಡೆಯೋರಿಗೆ ಇದು ಕೂಡ್ಲೇ ಅರ್ಥ ಆಯ್ತದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಕತೆಯ ನೀಲಗಾರರು ತಂಬೂರಿ ಹಿಡ್ದು ಕುಂತ್ರೆ ಬೆಳಕು ಹರಿಯೋವರ್ಗೂ ಹಾಡೋರು. ನಮ್ಮಜ್ಜಿ ಮಡಿಲಲ್ಲಿ ನಿದ್ದೆ ಹೋಯ್ತಾ ಕೇಳಿದೋಳು ನಾನು. ಇದು ದೊಡ್ಡೋರ ಕತೆ, ಸಾವು ನೋವು ಬರ್ತವೆ. ಸಣ್ಣ ಹೈಕ್ಳ ಜೊತೆ ಕುಂತ್ಕಂಡು ನೋಡ್ಬೇಡಿ.

ವಯಸ್ಸಾದ ಅತ್ತೆಯೋರಿಗೆ ಒಂದು. ಇದು ಸರಣಿ ಅಲ್ಲ, ಸಿನಿಮಾ. ಯೂಗೊ ಸಾಕೊ ಅನ್ನೋ ಜಪಾನಿನೋರು ನಮ್ಮ ದೇಶದೋರ ಜೊತೆ ಸೇರಿ 1992ರಲ್ಲಿ ಮಾಡಿದ ರಾಮಾಯಣ. 2025ರ ಜನವರೀಲಿ ಇಲ್ಲಿ ಥಿಯೇಟ್ರಿಗೂ ಬಂದಿತ್ತು. "ಕಾರ್ಟೂನು ನಂಗೆ ಯಾಕೆ" ಅನ್ನೋರಿಗೆ ಮೊದ್ಲು ಇದನ್ನ ತೋರಿಸಿ.

ಭಾಷೆ ಎಂಗೆ ಅಂತ ಕೇಳ್ತೀರಿ. ನಾನು ಹೇಳಿದ ಸರಣಿಗಳು ಕನ್ನಡದಲ್ಲಿ ಇಲ್ಲ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ನಮ್ಮ ಹೈಕ್ಳು ಕಾರ್ಟೂನ್ ಬಾಯಲ್ಲಿ ಕನ್ನಡ ಕೇಳಿದ್ವು. ದೊಡ್ಡವಾದ ಮೇಲೆ ನೋಡೋಕೆ ಅಂಥದ್ದು ಕಮ್ಮಿ. ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಎಸ್ಸೆಸ್ಸೆಲ್ಸಿ. ಮೊದಮೊದ್ಲು ಅರ್ಧ ಸಾಲು ಓದೋಷ್ಟರಲ್ಲಿ ಓಡಿ ಹೋಗೋದು. ಮಗಳು ನಿಲ್ಸಿ ನಿಲ್ಸಿ ಕನ್ನಡದಲ್ಲಿ ಹೇಳೋಳು. ಬರ್ತಾ ಬರ್ತಾ ಅಭ್ಯಾಸ ಆಯ್ತು, ಈಗ ಬ್ಯಾಂಕಿನ ಕಾಗದಾನೂ ಹೆದ್ರದೆ ಓದ್ತೀನಿ. ಫೋನನ್ನ ಉಪ್ಪಿನ ಜಾಡಿಗೆ ಒರಗಿಸಿ ಇಟ್ಟು, ಸೊಪ್ಪು ಬಿಡಿಸ್ತಾ ನೋಡ್ತೀನಿ.

ಎಲ್ಲಿ ಸಿಗ್ತದೆ ಅಂತ ನಿಮ್ಮ ಮನೆ ಹೈಕ್ಳನ್ನೇ ಕೇಳಿ. ನಾನು ಹೇಳ್ಬಲ್ಲೆ, ಆದ್ರೂ ಅವ್ರನ್ನೇ ಕೇಳಿ. ಫೋನ್ ಕಿತ್ಕಳಾಕೆ ಅಲ್ದೆ, "ಏನ್ ನೋಡ್ತಿದ್ದೀಯ, ನಂಗೂ ತೋರ್ಸು" ಅಂತ ಹೋಗಿ. ಮೊದಲನೇ ದಿನ "ನಿಂಗೆ ಗೊತ್ತಾಗಲ್ಲ ಹೋಗಮ್ಮ" ಅಂತಾವೆ. ಎದ್ದು ಬರ್ಬೇಡಿ, ಬಟಾಣಿನೋ ಅವರೆಕಾಯಿನೋ ತಗಂಡು ಹೋಗಿ ಅಲ್ಲೇ ಬಿಡಿಸ್ತಾ ಕುಂತ್ಕಳಿ.

ಚಿಕ್ಕವ್ವ, ನೀವು ಬರಕಮೊನ್‌ನಿಂದ ಶುರು ಮಾಡಿ, ನಿಮಗೆ ಅದೇ ಸರಿ. ಮದ್ದೂರಿನ ಅಕ್ಕ, ಮುಂದಿನ ಭಾನುವಾರ ಮಗಳನ್ನೂ ಕರ್ಕಂಡು ಬತ್ತೀನಿ. ನಾಲ್ಕು ವಡೆ ಹೆಚ್ಗೆ ಹಾಕಿಡು, ರಾಕುಗೊ ಇನ್ನೂ ಎರಡು ಎಪಿಸೋಡ್ ಬಾಕಿ ಅದೆ.